ಅರ್ಬುತನ ಪಾಲು

ಗೋವಿನ ಹಾಡು ಯಾವುದರ ಬಗ್ಗೆ ಎಂದು ಯಾರನ್ನೇ ಕೇಳಿ, ಸತ್ಯದ ಬಗ್ಗೆ ಎನ್ನುತ್ತಾರೆ. ಪ್ರಾಥಮಿಕ ಶಾಲೆಯಲ್ಲಿ ಬಾಯಿಪಾಠ ಮಾಡಿದ ಉತ್ತರ ಅದು. ಆಮೇಲೆ ಅದನ್ನು ತಿರುಗಿ ನೋಡುವವರು ಕಡಿಮೆ. ಕಾಳಿಂಗನೆಂಬ ಗೊಲ್ಲನ ದೊಡ್ಡಿಯ ಹಸು ಪುಣ್ಯಕೋಟಿ ಕಾಡಿನಲ್ಲಿ ಅರ್ಬುತನೆಂಬ ಹುಲಿಯ ಬಾಯಿಗೆ ಸಿಕ್ಕುತ್ತಾಳೆ; ದೊಡ್ಡಿಯಲ್ಲಿರುವ ಎಳೆಗರುವಿಗೆ ಮೊಲೆಯೂಡಿಸಿ ಬಂದುಬಿಡುತ್ತೇನೆ ಎಂದು ಮಾತು ಕೊಟ್ಟು ಹೋಗುತ್ತಾಳೆ; ಹೋದವಳು ಬರುತ್ತಾಳೆ; ಹುಲಿ ಅವಳನ್ನು ತಿನ್ನದೆ ತಾನೇ ಪ್ರಾಣ ಬಿಡುತ್ತದೆ. ಮಾತಿಗೆ ತಪ್ಪದವಳು ಗೆದ್ದಳು, ಆದ್ದರಿಂದ ಮಕ್ಕಳೇ, ನೀವೂ ತಪ್ಪಬೇಡಿ. ಈ ಓದು ಸುಳ್ಳಲ್ಲ. ಆದರೆ ಇಷ್ಟಕ್ಕೇ ನಿಂತರೆ ಹಾಡಿನ ಮುಕ್ಕಾಲು ಪಾಲು ಕೈಬಿಟ್ಟು ಹೋಗುತ್ತದೆ. ಸತ್ಯ ದೊಡ್ಡದು ಎಂದು ಹೇಳುವುದಷ್ಟೇ ಕೆಲಸವಾಗಿದ್ದರೆ ನಮಗೆ ಹರಿಶ್ಚಂದ್ರ ಸಾಕಿತ್ತು. ಬರೆದವರು ಯಾರೆಂದು ತಿಳಿಯದ ಈ ಹಾಡು ಕೇಳುವುದು ಬೇರೆಯದೇ ಪ್ರಶ್ನೆ: ಒಬ್ಬರು ಸತ್ಯಕ್ಕೆ ಕಟ್ಟುಬಿದ್ದಾಗ ಅದರ ಬೆಲೆ ತೆರುವವರು ಯಾರು? ಈ ಪ್ರಶ್ನೆಯನ್ನು ಅದು ನಮ್ಮ ದೊಡ್ಡ ಕಾವ್ಯಗಳಿಗಿಂತ ಸೂಕ್ಷ್ಮವಾಗಿ ಕೇಳುತ್ತದೆ ಎಂಬುದು ನನ್ನ ವಾದ. ಕೊನೆಗೆ ಬಂದಾಗ ತಾನೇ ಕೇಳಿದ ಪ್ರಶ್ನೆಯಿಂದ ಅದು ಮುಖ ತಿರುಗಿಸುತ್ತದೆ ಎಂಬುದೂ ಅಷ್ಟೇ ನಿಜ.

ಮೊದಲು ದೊಡ್ಡಿಯೊಳಗೆ ಏನಾಗುತ್ತದೆ ಎಂದು ನೋಡಬೇಕು. ಹುಲಿಗೆ ಮಾತು ಕೊಡುವ ಭಾಗ ಚಿಕ್ಕದು. ಸತ್ಯವನ್ನು ಹೆತ್ತವರ, ಬಂಧುಬಳಗದ ಸಾಲಿನಲ್ಲಿ ನಿಲ್ಲಿಸಿ, ಅದಕ್ಕೆ ತಪ್ಪಿದರೆ ದೇವರು ಮೆಚ್ಚುವುದಿಲ್ಲ ಎಂದು ಹೇಳಿ ಪುಣ್ಯಕೋಟಿ ಹೊರಟುಬಿಡುತ್ತಾಳೆ. ಹಾಡು ನಿಧಾನಿಸುವುದು ದೊಡ್ಡಿಗೆ ಬಂದ ಮೇಲೆ. ಇನ್ನು ಯಾರ ಮೊಲೆಯನ್ನು ಕುಡಿಯಲಿ, ಯಾರ ಬಳಿ ಮಲಗಲಿ ಎಂದು ಕರು ಕೇಳುತ್ತದೆ. ಆ ಪ್ರಶ್ನೆಗೆ ಸತ್ಯದ ಹಿರಿಮೆಯನ್ನು ಉತ್ತರವಾಗಿ ಕೊಡಲು ಬರುವುದಿಲ್ಲ ಎಂದು ತಾಯಿಗೆ ಗೊತ್ತು. ಆಕೆ ಉಪದೇಶ ಮಾಡುವುದಿಲ್ಲ, ಏರ್ಪಾಡು ಮಾಡುತ್ತಾಳೆ. ಜೊತೆಯ ಹಸುಗಳನ್ನು ಅಕ್ಕ ತಂಗಿ ತಾಯಿ ಎಂದು ಕರೆದು, ಈ ಕಂದ ಮುಂದೆ ಸುಳಿದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ, ನಿಮ್ಮದೇ ಮಗುವೆಂದು ನೋಡಿಕೊಳ್ಳಿ ಎಂದು ಬೇಡುತ್ತಾಳೆ. ದನ ಸಾಕಿದವರಿಗೆ ಈ ಮಾತಿನ ತೂಕ ಗೊತ್ತು. ತಬ್ಬಲಿ ಕರು ಹಸಿವಿನಿಂದ ಬೇರೆ ಹಸುವಿನ ಕೆಚ್ಚಲಿಗೆ ಬಾಯಿ ಹಾಕಲು ಹೋದರೆ ಸಿಗುವುದು ಒದೆ. ಹಾಡು ಕಟ್ಟಿದವನು ಕೊಟ್ಟಿಗೆಯನ್ನು ಕಣ್ಣಾರೆ ಕಂಡವನು, ಅಥವಾ ಕಂಡವಳು. ನೀತಿಯ ಮಾತನ್ನು ಅವನು ಕೊಂಬು ಗೊರಸುಗಳ ಮಟ್ಟಕ್ಕೆ ಇಳಿಸಿ ಹೇಳಿದ್ದಾನೆ. ಭೈರಪ್ಪನವರು 1968ರಲ್ಲಿ ಕಾದಂಬರಿ ಬರೆದಾಗ ಈ ಹಾಡಿನಿಂದ ಹೆಸರಿಗೆ ಆರಿಸಿಕೊಂಡದ್ದು ಸತ್ಯದ ಮಾತನ್ನಲ್ಲ, ಮಗ ತಬ್ಬಲಿಯಾದ ಮಾತನ್ನು. ಕನ್ನಡದ ಕಿವಿಯಲ್ಲಿ ಉಳಿದದ್ದು ಯಾವುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಹೀಗೆ ದೊಡ್ಡಿಯಲ್ಲಿ ನಡೆಯುವ ಏರ್ಪಾಡೇ ಪುಣ್ಯಕೋಟಿಯನ್ನು ಹರಿಶ್ಚಂದ್ರನಿಂದ ಬೇರೆ ಮಾಡುವುದು. ಹದಿಮೂರನೆಯ ಶತಮಾನದಲ್ಲಿ ರಾಘವಾಂಕ ಕಟ್ಟಿದ ಹರಿಶ್ಚಂದ್ರ ನಮ್ಮ ಭಾಷೆಯ ಅತಿ ದೊಡ್ಡ ಸತ್ಯವಂತ. ವಸಿಷ್ಠ ವಿಶ್ವಾಮಿತ್ರರ ಪಂತದ ನಡುವೆ ಸಿಕ್ಕಿ ರಾಜ್ಯ ಕಳೆದುಕೊಂಡು, ಕಾಶಿಗೆ ಹೋಗಿ ಹೆಂಡತಿ ಮಗನನ್ನು ಮಾರುತ್ತಾನೆ, ಆಮೇಲೆ ತನ್ನನ್ನೂ ಮಾರಿಕೊಳ್ಳುತ್ತಾನೆ. ಚಂದ್ರಮತಿ ಮನಸಾರೆ ಒಪ್ಪಿದ್ದಳೆಂದೇ ಇಟ್ಟುಕೊಳ್ಳೋಣ. ಲೋಹಿತಾಶ್ವನನ್ನು ಯಾರೂ ಕೇಳಿರಲಿಲ್ಲ. ಗಂಡನ ಮಾತು ಉಳಿಯಲು ಹೆಂಡತಿ ತೊತ್ತಾಗಬೇಕು, ಅಪ್ಪನ ಮಾತು ಉಳಿಯಲು ಮಗ ಹಾವು ಕಚ್ಚಿ ಸಾಯಬೇಕು. ಕಾವ್ಯವಾಗಿ ಅದು ಎಷ್ಟೇ ಎತ್ತರದಲ್ಲಿರಲಿ, ನೀತಿಯಾಗಿ ಅದರಲ್ಲಿ ಒಂದು ಬಿರುಕಿದೆ: ಸತ್ಯದ ಕೀರ್ತಿ ಒಬ್ಬನಿಗೆ, ಸಾಲ ಮನೆಮಂದಿಗೆಲ್ಲ. ಈ ಬಿರುಕನ್ನು ಮಹಾಭಾರತ ಬಹಳ ಹಿಂದೆಯೇ ಕಂಡಿತ್ತು. ಕರ್ಣಪರ್ವದಲ್ಲಿ, ಗಾಂಡೀವವನ್ನು ಬೇರೆಯವರಿಗೆ ಕೊಡು ಎಂದವರನ್ನು ಕೊಲ್ಲುತ್ತೇನೆಂಬ ಪ್ರತಿಜ್ಞೆಯನ್ನು ನೆನೆದು ಅರ್ಜುನ ಅಣ್ಣನ ಮೇಲೆಯೇ ಕತ್ತಿ ಎತ್ತಿದಾಗ, ಕೃಷ್ಣ ಅವನಿಗೆ ಕೌಶಿಕನ ಕತೆ ಹೇಳುತ್ತಾನೆ. ಸದಾ ಸತ್ಯವನ್ನೇ ನುಡಿಯುವ ವ್ರತದ ತಪಸ್ವಿ ಕೌಶಿಕ. ಕಳ್ಳರಿಗೆ ಹೆದರಿ ಓಡಿಬಂದವರು ಕಾಡಿನಲ್ಲಿ ಅಡಗುತ್ತಾರೆ. ಬೆನ್ನಟ್ಟಿ ಬಂದ ಕಳ್ಳರು ಕೇಳಿದಾಗ ಈತ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾನೆ. ಅಡಗಿದವರು ಸಾಯುತ್ತಾರೆ, ಕೌಶಿಕ ನರಕಕ್ಕೆ ಹೋಗುತ್ತಾನೆ. ಜರ್ಮನಿಯ ಕಾಂಟ್ 1797ರಲ್ಲಿ ಬೆಂಜಮಿನ್ ಕಾನ್‌ಸ್ಟಂಟ್ ಎಂಬ ಫ್ರೆಂಚ್ ಚಿಂತಕನಿಗೆ ಉತ್ತರವಾಗಿ ಬರೆದ ಪುಟ್ಟ ಪ್ರಬಂಧದಲ್ಲಿ ಇದೇ ಸನ್ನಿವೇಶವನ್ನು ಎತ್ತಿಕೊಂಡು, ಮನೆಯಲ್ಲಿ ಅಡಗಿರುವ ಗೆಳೆಯನನ್ನು ಹುಡುಕಿ ಬಂದ ಕೊಲೆಗಾರನ ಬಳಿಯೂ ಸುಳ್ಳು ಹೇಳುವ ಹಕ್ಕು ನಮಗಿಲ್ಲ ಎಂದು ವಾದಿಸಿದ. ಕೃಷ್ಣನ ಲೆಕ್ಕದಲ್ಲಿ ಕಾಂಟನಿಗೂ ಕೌಶಿಕನಿಗೂ ಒಂದೇ ದಾರಿ. ಪುಣ್ಯಕೋಟಿ ಈ ಇಬ್ಬರ ಸಾಲಿಗೂ ಸೇರುವವಳಲ್ಲ. ಆಕೆಯ ಮಾತಿನಿಂದ ಹುಲಿಗೆ ಸಿಗಬೇಕಾಗಿದ್ದದ್ದು ಆಕೆಯದೇ ಮೈ. ಅಡಗಿದ ಯಾರನ್ನೂ ಆಕೆ ತೋರಿಸಿಕೊಡಲಿಲ್ಲ, ಯಾರನ್ನೂ ಮಾರಲಿಲ್ಲ.

ಕರು? ಅದಕ್ಕೂ ನಷ್ಟವಿತ್ತಲ್ಲ? ಇತ್ತು, ಮತ್ತು ಹಾಡು ಅದನ್ನು ಮುಚ್ಚಿಡುವುದಿಲ್ಲ ಎಂಬುದೇ ಮುಖ್ಯ. ತನ್ನ ಸತ್ಯದ ಒಂದಂಶವನ್ನು ಕರು ತೆರಬೇಕಾಗುತ್ತದೆ ಎಂದು ತಾಯಿಗೆ ಅರಿವಿದೆ. ಆ ಹೊರೆಯನ್ನು ಹೊರಲು ಹೆಗಲು ಹುಡುಕಿಯೇ ಆಕೆ ಕಾಡಿಗೆ ತಿರುಗುವುದು. ಹರಿಶ್ಚಂದ್ರನ ಕತೆಯಲ್ಲಿ ಇಂಥ ಒಂದು ಗಳಿಗೆಯೂ ಇಲ್ಲ. ಇಲ್ಲಿಗೆ ಕರುವಿನ ಲೆಕ್ಕ ಪೂರ್ತಿ ತೀರಿತು ಎಂದು ನಾನು ಹೇಳಲಾರೆ. ತೀರದೆ ಉಳಿದದ್ದಕ್ಕೇ ಆ ಭಾಗ ಇವತ್ತಿಗೂ ಗಂಟಲು ಕಟ್ಟಿಸುವುದು.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು. ಕುತ್ತಿಗೆಗೆ ಬಾಯಿ ಹಾಕಿದವನಿಗೆ ಕೊಟ್ಟ ಮಾತು ಮಾತೇ ಅಲ್ಲ, ಅದನ್ನು ಉಳಿಸಿಕೊಳ್ಳುವುದು ಧರ್ಮವಲ್ಲ, ದಡ್ಡತನ. ಈ ವಾದ ಸುಲಭಕ್ಕೆ ಜಗ್ಗುವಂಥದಲ್ಲ. ಇಂಗ್ಲೆಂಡಿನ ಹಾಬ್ಸ್ 1651ರ ‘ಲೆವಯಥನ್’ನಲ್ಲಿ ಭಯದಿಂದ ಕೊಟ್ಟ ಮಾತೂ ಕಟ್ಟಿಹಾಕುತ್ತದೆ ಎಂದಿದ್ದ, ಆದರೆ ಅವನ ಮಾತು ಯಾವ ಸರ್ಕಾರವೂ ಇಲ್ಲದ ಸ್ಥಿತಿಗೆ ಸಂಬಂಧಿಸಿದ್ದು. ನಮ್ಮ 1872ರ ಕರಾರು ಕಾಯಿದೆ ಹಾಗೆನ್ನುವುದಿಲ್ಲ. ಬಲಾತ್ಕಾರದಿಂದ ಪಡೆದ ಒಪ್ಪಿಗೆಯ ಕರಾರನ್ನು ಮುರಿಯಬಹುದು ಎನ್ನುತ್ತದೆ ಅದರ 19ನೇ ಕಲಮು. ಇಲ್ಲಿ ಒಂದು ಸಣ್ಣ ನುಡಿಗಟ್ಟನ್ನು ಗಮನಿಸಬೇಕು: ಅಂಥ ಕರಾರು ತಾನಾಗಿಯೇ ಬಿದ್ದುಹೋಗುವುದಿಲ್ಲ, ಬಲಾತ್ಕಾರಕ್ಕೆ ಒಳಗಾದವರ ಇಷ್ಟದ ಮೇರೆಗೆ ಬೀಳುತ್ತದೆ. ಅಂದರೆ ಆಯ್ಕೆ ಹಸುವಿನದು. ಈ ಕಾನೂನಿನ ಬೆಳಕಿನಲ್ಲಿ ನೋಡಿದರೆ ಪುಣ್ಯಕೋಟಿಯ ಮರಳುವಿಕೆಗೆ ಬೇರೆಯೇ ಅರ್ಥ ಬರುತ್ತದೆ. ಅವಳು ಬೇಡವೆಂದ ಮೇಲೂ ಉಳಿಯುವಂಥ ಯಾವ ಹಕ್ಕೂ ಹುಲಿಗಿರಲಿಲ್ಲ. ದೊಡ್ಡಿಯೊಳಗೆ ಕಾಲಿಟ್ಟ ಗಳಿಗೆಯಲ್ಲೇ ಅವಳು ಮಾತು ಮುರಿದು ಬಿಡುಗಡೆಯಾಗಬಹುದಿತ್ತು, ಜೊತೆಯ ಹಸುಗಳು ಬೇಲಿ ಗಟ್ಟಿ ಮಾಡಿದ್ದರೆ ಯಾರೂ ತಪ್ಪು ಹಿಡಿಯುತ್ತಿರಲಿಲ್ಲ. ಆದ್ದರಿಂದ ಅವಳು ತೀರಿಸಲು ಹೋದದ್ದು ಹುಲಿಯ ಸಾಲವನ್ನಲ್ಲ. ಮಾತು ಹುಲಿಗೆ ಕೊಟ್ಟದ್ದಾದರೂ ಅದರ ಒಡೆತನ ಅವಳಲ್ಲೇ ಉಳಿದಿತ್ತು. ಇದನ್ನು ಮರೆತು, ಕೊಟ್ಟ ಮಾತು ಕೊಟ್ಟದ್ದೇ ಎಂದು ಕಲಿಸುವ ಪಾಠ ಸ್ವತಂತ್ರಳ ನಡೆಯನ್ನು ಸಾಲಗಾರಳ ನಡೆಯನ್ನಾಗಿ ಮಾಡಿಬಿಡುತ್ತದೆ.

ಇದು ಬರೀ ಪದಗಳ ಜಗ್ಗಾಟವಲ್ಲ. ಕೊಟ್ಟ ಮಾತು ಕೊಟ್ಟದ್ದೇ ಎಂಬ ನೀತಿ ನಮ್ಮ ಹಳ್ಳಿಗಳಲ್ಲಿ ಏನು ಮಾಡಿದೆ ಎಂದು ಜೀತದ ಚರಿತ್ರೆ ಹೇಳುತ್ತದೆ. ಅಪ್ಪ ಯಾವುದೋ ಮದುವೆಗೋ ಕಾಯಿಲೆಗೋ ತೆಗೆದುಕೊಂಡ ಸಾಲಕ್ಕೆ ಮಗ ಒಡೆಯನ ಕೊಟ್ಟಿಗೆಯಲ್ಲಿ ದುಡಿದ, ಮೊಮ್ಮಗನೂ ದುಡಿದ. ಅವರನ್ನು ಅಲ್ಲಿ ಹಿಡಿದಿಟ್ಟದ್ದು ಕೋಲು ಮಾತ್ರವಲ್ಲ, ಮಾತಿಗೆ ತಪ್ಪಬಾರದೆಂಬ ಮರ್ಯಾದೆಯೂ. 1976ರ ಜೀತ ವಿಮುಕ್ತಿ ಕಾಯಿದೆ ಬಂದು ಆ ಸಾಲಗಳೆಲ್ಲ ರದ್ದಾದವು ಎಂದಾಗ, ಒಂದರ್ಥದಲ್ಲಿ ಸರ್ಕಾರವೇ ಲಕ್ಷಾಂತರ ಜನರ ಪರವಾಗಿ ಮಾತು ಮುರಿಯಿತು, ಮತ್ತು ಅದೇ ನ್ಯಾಯವಾಗಿತ್ತು. ಹಾಗಾದರೆ ಗೋವಿನ ಹಾಡು ಒಡೆಯರಿಗೆ ಅನುಕೂಲವಾದ ಹಾಡೇ? ಬಡವರು ಬಲ್ಲಿದರಿಗೆ ಕೊಟ್ಟ ಮಾತು ಉಳಿಸಿಕೊಳ್ಳಬೇಕು, ಬಲ್ಲಿದರು ಮಾತು ಕೊಡುವ ಪ್ರಮೇಯವೇ ಬರುವುದಿಲ್ಲ ಎಂಬ ವ್ಯವಸ್ಥೆಗೆ ಹಾಡಿದ ಲಾಲಿಯೇ? ಹಾಡಿನ ಮೇಲೆ ಈ ಅನುಮಾನ ಬರಲೇಬೇಕು, ಬಾರದಿದ್ದರೆ ನಾವು ಸರಿಯಾಗಿ ಓದಿಲ್ಲ. ಅರ್ಬುತ ಯಾವ ಮಾತನ್ನೂ ಕೊಡುವುದಿಲ್ಲ ಎಂಬುದು ನಿಜ. ಆದರೆ ಜೀತದಲ್ಲಿ ಆದದ್ದು ಅಪ್ಪನ ಮಾತಿನ ಬೆಲೆಯನ್ನು ಮಗನ ಬೆನ್ನಿನಿಂದ ಸುಲಿದದ್ದು. ಬೆಲೆ ತೆರುವವನು ಬೇರೆ ಎಂಬ ಅದೇ ಬಿರುಕು. ಪುಣ್ಯಕೋಟಿ, ನನ್ನ ಬದಲು ಕರುವನ್ನು ತಿನ್ನು ಎಂದಿದ್ದರೆ ಅದು ಜೀತದ ಹಾಡಾಗುತ್ತಿತ್ತು. ಅವಳು ಅದರ ತದ್ವಿರುದ್ಧ ನಡೆಯುತ್ತಾಳೆ. ಕರುವನ್ನು ಲೆಕ್ಕದಿಂದ ಹೊರಗಿಟ್ಟು ತಾನೊಬ್ಬಳೇ ಹೋಗುತ್ತಾಳೆ.

ಈಗ ಹುಲಿಯ ಕಡೆಗೆ. ನಮ್ಮ ಪಾಠಗಳು ಅರ್ಬುತನನ್ನು ಹಸುವಿನ ಸತ್ಯವನ್ನು ಅಳೆಯುವ ತಕ್ಕಡಿಯಂತೆ ಮಾತ್ರ ಬಳಸುತ್ತವೆ. ಬೆಟ್ಟದ ಬುಡದಲ್ಲಿ ಹಸಿದು ಕೂತ ಹುಲಿ ಕೈಗೆ ಸಿಕ್ಕ ಊಟವನ್ನು ಬಿಟ್ಟು ಕಳಿಸಿದ್ದು ಯಾವ ನೆಚ್ಚಿಕೆಯ ಮೇಲೆ? ನೈಯಾಯಿಕರು ಶಬ್ದವನ್ನೂ ಪ್ರಮಾಣವೆಂದರು: ಆಪ್ತನಾದವನ ಮಾತಿನಿಂದ ತಿಳಿವು ಹುಟ್ಟುತ್ತದೆ. ಕಂಡದ್ದನ್ನು ಕಂಡ ಹಾಗೆ ಹೇಳಲು ಬಯಸುವವನು ಆಪ್ತ. ವಾತ್ಸ್ಯಾಯನ ತನ್ನ ನ್ಯಾಯಭಾಷ್ಯದಲ್ಲಿ ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ ಎಂದು ಉದಾರವಾಗಿಯೇ ಹೇಳಿದ. ಹಸುವನ್ನೂ ಆ ಪಟ್ಟಿಗೆ ಸೇರಿಸಬಹುದು, ಅಡ್ಡಿಯಿಲ್ಲ. ತೊಡಕಿರುವುದು ಬೇರೆಡೆ. ಹೊಳೆಯ ದಡದಲ್ಲಿ ಹಣ್ಣಿದೆ ಎಂದು ಆಪ್ತ ಹೇಳಿದರೆ ಹಣ್ಣು ಆಗಲೇ ಅಲ್ಲಿದೆ, ಮಾತು ಅದನ್ನು ತೋರಿಸುತ್ತದೆ. ಬಂದೇ ಬರುತ್ತೇನೆ ಎಂಬ ಮಾತು ತೋರಿಸುವುದಕ್ಕೆ ಇನ್ನೂ ಏನೂ ಇಲ್ಲ. ಅದನ್ನು ನಿಜ ಮಾಡಬೇಕಾದ್ದು ಹೇಳಿದವರ ಕಾಲುಗಳು. ಆದ್ದರಿಂದ ಅರ್ಬುತನಲ್ಲಿದ್ದದ್ದು ತಿಳಿವಲ್ಲ, ನಂಬಿಕೆ; ಪ್ರಮಾಣವಿಲ್ಲದ ಕಡೆ ಇಟ್ಟ ಹೆಜ್ಜೆ. ಅವನ ನಷ್ಟ ಒಂದು ಹೊತ್ತಿನ ಊಟ, ಅವಳ ನಷ್ಟ ಜೀವ, ಇಬ್ಬರ ಪಣ ಸಮನಲ್ಲ ಎನ್ನಬಹುದು. ಹಸಿದವನಿಗೆ ಒಂದು ಊಟ ಎಷ್ಟು ದೊಡ್ಡದು ಎಂಬುದನ್ನು ಉಂಡವರು ನಿರ್ಧರಿಸಬಾರದು. ಸತ್ಯ ಹುಟ್ಟಲು ಹಸು ಒಬ್ಬಳೇ ಸಾಲದು. ಅವಳ ಮಾತನ್ನು ಕೇಳಿಸಿಕೊಂಡು ಬಿಟ್ಟುಕೊಟ್ಟವನೂ ಬೇಕಿತ್ತು. ಹೊಡೆದು ತಿಂದುಬಿಟ್ಟಿದ್ದರೆ ಅವಳು ಸತ್ಯವಂತೆಯೋ ಅಲ್ಲವೋ ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ.

ಅವಳು ಮರಳಿ ಬಂದಾಗ ಅವನ ನಂಬಿಕೆ ತಿಳಿವಾಗುತ್ತದೆ, ಆ ತಿಳಿವೇ ಅವನನ್ನು ಕೊಲ್ಲುತ್ತದೆ. ಎದುರು ನಿಂತಿರುವವಳು ಊಟವಲ್ಲ, ಒಡಹುಟ್ಟಿದ ಅಕ್ಕ ಎಂದು ಕಂಡ ಮೇಲೆ ತಿನ್ನುವುದು ಸಾಧ್ಯವಿಲ್ಲ. ಬೇರೆ ಹಸುವನ್ನು ತಿನ್ನಬಹುದಲ್ಲ ಎಂದರೆ, ಅದಕ್ಕೂ ದೊಡ್ಡಿಯಲ್ಲಿ ಕರು ಇದ್ದೀತು. ಒಮ್ಮೆ ಕಂಡದ್ದನ್ನು ಕಾಣದ ಹಾಗೆ ಮಾಡಿಕೊಳ್ಳುವುದು ಹೇಗೆ? ಇಲ್ಲಿ ಹಾಡು ತನ್ನ ನೆರೆಹೊರೆಯ ಕತೆಗಳಿಗಿಂತ ಮುಂದೆ ಹೋಗುತ್ತದೆ. ಹಸು ಹುಲಿಯ ಈ ಕತೆ ಕನ್ನಡದ್ದು ಮಾತ್ರವಲ್ಲ. ತೆಲುಗಿನ ಅನಂತಾಮಾತ್ಯನ ‘ಭೋಜರಾಜೀಯ’ದಲ್ಲಿದೆ, ಪದ್ಮಪುರಾಣದಲ್ಲಿ ನಂದೆ ಎಂಬ ಹಸುವಿನ ಕತೆಯಾಗಿದೆ. ಪುರಾಣದ ಹುಲಿ ನಿಜವಾಗಿ ಹುಲಿಯಲ್ಲ, ಪ್ರಭಂಜನನೆಂಬ ರಾಜ. ಮರಿಗೆ ಹಾಲೂಡಿಸುತ್ತಿದ್ದ ಜಿಂಕೆಗೆ ಬಾಣ ಹೊಡೆದು ಶಾಪ ಪಡೆದವನು. ನಂದೆಯ ಸತ್ಯದಿಂದ ಶಾಪ ಕಳೆದು ರಾಜನಾಗಿ ಎದ್ದು ಹೋಗುತ್ತಾನೆ. ಎಲ್ಲರಿಗೂ ಒಳ್ಳೆಯದಾಯಿತು, ಯಾರೂ ಏನೂ ತೆರಬೇಕಾಗಲಿಲ್ಲ. ಕನ್ನಡದ ಹಾಡು ಈ ಹಿಂಬಾಗಿಲನ್ನು ಮುಚ್ಚಿತು. ಅರ್ಬುತ ಒಳಗೂ ಹುಲಿ, ಹೊರಗೂ ಹುಲಿ. ಅವನ ಹಲ್ಲು, ಅವನ ಕರುಳು ಮಾಂಸಕ್ಕೆಂದೇ ಆದವು. ಹುಲ್ಲು ತಿಂದು ಸಾಧುವಾಗುವ ದಾರಿ ಅವನಿಗಿಲ್ಲ. ಒಳ್ಳೆಯವನಾಗಬೇಕು, ಆಗಬೇಕಾದರೆ ಇರಬಾರದು. ನೀತಿಯ ಅರಿವು ಮೈಯ ನಿಜಕ್ಕೆ ಡಿಕ್ಕಿ ಹೊಡೆಯುವ ಇಂಥ ಗಳಿಗೆಯನ್ನು ಮಕ್ಕಳ ಹಾಡೊಂದು ಇಷ್ಟು ನೇರವಾಗಿ ಎದುರಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಸತ್ಯದ ಬೆಲೆಯನ್ನು ಕೊನೆಗೂ ತೆತ್ತವನು ಮಾತು ಕೊಟ್ಟವಳಲ್ಲ, ಕೇಳಿಸಿಕೊಂಡವನು.

ಇದೆಲ್ಲ ಅತಿಯಾಯಿತು, ಹುಲಿ ಎಂದರೆ ಕಾಮಕ್ರೋಧಗಳ ಸಂಕೇತ, ಸತ್ಯದ ಮುಂದೆ ಅವು ಅಳಿದವು ಎಂದಷ್ಟೇ ಅರ್ಥ ಎನ್ನುವವರಿದ್ದಾರೆ. ಸಂಕೇತವಾದರೆ ಅದಕ್ಕೆ ಹಸಿವೇಕೆ, ಹೆಸರೇಕೆ, ಪಶ್ಚಾತ್ತಾಪವೇಕೆ? ಕ್ರೋಧ ಯಾರನ್ನಾದರೂ ಅಕ್ಕ ಎಂದು ಕರೆದದ್ದುಂಟೇ? ಹಾಡಿಗೆ ಬೇಕಿರುವುದು ಹುಲಿಯೇ. ಅದನ್ನು ಕೆಡುಕಿನ ಗುರುತಾಗಿ ಇಳಿಸಿದರೆ ಉಳಿಯುವುದು ಒಳ್ಳೆಯದು ಗೆದ್ದಿತು ಎಂಬ ಡಂಗುರ.

ಆದರೆ ಈ ತಪ್ಪು ಓದಿಗೆ ಹಾಡೂ ಕೊಂಚ ಹೊಣೆ. ದೊಡ್ಡಿಯ ಬೀಳ್ಕೊಡುಗೆಗೆ ಅಷ್ಟು ಹೊತ್ತು ಕೊಟ್ಟ ಹಾಡು ಹುಲಿಯ ಸಾವನ್ನು ಒಂದು ನೆಗೆತದಲ್ಲಿ ಮುಗಿಸುತ್ತದೆ. ಕೊಲ್ಲಲಾರೆ ಎಂದ, ಹಾರಿದ, ಸತ್ತ. ಆಮೇಲೆ ಪುಣ್ಯಕೋಟಿ ನಲಿಯುತ್ತ ಬಂದು ಕರುವಿಗೆ ಹಾಲೂಡುತ್ತಾಳೆ. ಗೊಲ್ಲನನ್ನು ಕರೆದು, ನಿಮ್ಮ ವಂಶದವರೂ ನಮ್ಮ ವಂಶದವರೂ ಸಂಕ್ರಾಂತಿಗೆ ಸಂಕ್ರಾಂತಿಗೆ ಕೃಷ್ಣನನ್ನು ನೆನೆಯಿರಿ ಎನ್ನುತ್ತಾಳೆ. ಸತ್ತವನ ಕಣ್ಣು ಮುಚ್ಚುವ ಒಂದು ಸೊಲ್ಲಿಲ್ಲ. ಒದೆಯಬೇಡಿ ಹಾಯಬೇಡಿ ಎಂದು ಅಷ್ಟು ಕಕ್ಕುಲಾತಿಯಿಂದ ಬೇಡಿದವಳಿಗೆ ತನ್ನನ್ನು ಅಕ್ಕ ಎಂದವನ ಹೆಣ ಕಾಣದೆ ಹೋದದ್ದು ನನಗೆ ಒಪ್ಪಿಗೆಯಾಗದ ಮಾತು. ಹಿಂದಿನ ಪದ್ಯಗಳಲ್ಲಿ ಕಂಡ ಪುಣ್ಯಕೋಟಿ ಅಲ್ಲಿ ನಿಲ್ಲುತ್ತಿದ್ದಳು. ಕತೆ ಮುಗಿಸುವ ಅವಸರದಲ್ಲಿ ಹಾಡು ಅವಳನ್ನು ಅವಳಿಗಿಂತ ಚಿಕ್ಕವಳನ್ನಾಗಿ ಮಾಡಿತು. ಅವಸರವನ್ನು ನಾವು ಇನ್ನೂ ಬೆಳೆಸಿದ್ದೇವೆ. 2022ರಲ್ಲಿ ರಾಜ್ಯ ಸರ್ಕಾರ ಗೋಶಾಲೆಯ ಹಸುವೊಂದಕ್ಕೆ ವರ್ಷಕ್ಕೆ 11,000 ರೂಪಾಯಿ ಕೊಟ್ಟು ಸಾಕುವ ‘ಪುಣ್ಯಕೋಟಿ ದತ್ತು ಯೋಜನೆ’ ತಂದಿತು. ಹಸುಗಳಿಗೆ ಮೇವು ಸಿಕ್ಕರೆ ಒಳ್ಳೆಯದೇ. ಹೆಸರು ಮಾತ್ರ ತಿರುಗುಮುರುಗು: ಹಾಡಿನಲ್ಲಿ ಪುಣ್ಯಕೋಟಿ ದತ್ತು ಹೋಗುವವಳಲ್ಲ, ದತ್ತು ಕೊಡುವವಳು. ನಿರ್ಧಾರ ಮಾಡುವ ಹಸುವನ್ನು ಮರೆತು ಕನಿಕರಕ್ಕೆ ಒಳಗಾಗುವ ಹಸುವನ್ನು ನೆನಪಿಟ್ಟುಕೊಂಡಿದ್ದೇವೆ. ಹುಲಿಯಂತೂ ನೆನಪಿನಲ್ಲೇ ಇಲ್ಲ.

ಕಾಡಿನಂಚಿನಲ್ಲಿ ಹಸು ಹುಲಿಯ ಎದುರಾಟ ಬರೀ ಕತೆಯಾಗಿ ಉಳಿದಿಲ್ಲ. 2022ರ ಗಣತಿಯಂತೆ ಕರ್ನಾಟಕದಲ್ಲಿ 563 ಹುಲಿಗಳಿವೆ, ಅವುಗಳ ಪಕ್ಕದಲ್ಲೇ ದೊಡ್ಡಿಗಳೂ ಇವೆ. ಹುಲಿಯನ್ನೇ ವಾಹನ ಮಾಡಿಕೊಂಡ ಮಾದಪ್ಪನ ನೆಲದಲ್ಲಿ, ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ, 2025ರ ಜೂನ್ ಕೊನೆಯ ವಾರ ಒಂದು ತಾಯಿ ಹುಲಿ ಮತ್ತು ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹತ್ತಿರದಲ್ಲೇ ಹಸುವಿನ ಕಳೇಬರ, ಅದರಲ್ಲಿ ವಿಷ. ಹಸುವನ್ನು ಕೊಂದ ಹುಲಿಯ ಮೇಲಿನ ಸಿಟ್ಟಿಗೆ ಹಾಕಿದ್ದು ಎಂಬ ಆರೋಪದ ಮೇಲೆ ಬಂಧನಗಳಾದವು. ಆ ಮರಿಗಳೂ ಹಾಲು ಕುಡಿದು ಬೆಳೆದವೇ. ಪುಣ್ಯಕೋಟಿ ಹೊರಡುವ ಮುಂಚೆ ಅಕ್ಕತಂಗಿಯರನ್ನು ಕೇಳಿಕೊಂಡಳು, ಕರುವಿಗೆ ಹೇಳಿದಳು, ಗೊಲ್ಲನಿಗೆ ಹೇಳಲಿಲ್ಲ. ಕರೆಯುವ ಹಸುವೊಂದು ಸಂಜೆಗೆ ದೊಡ್ಡಿಯಲ್ಲಿ ಇಲ್ಲದೆ ಹೋಗಿದ್ದರೆ ಕಾಳಿಂಗ ಏನು ಮಾಡುತ್ತಿದ್ದ ಎಂದು ಹಾಡು ಯೋಚಿಸಲಿಲ್ಲ. ಹಸು ಉಳಿಯಿತು, ಅವನಿಗೆ ನಷ್ಟವಾಗಲಿಲ್ಲ, ಕೊಳಲೂದುವ ಗೊಲ್ಲನಾಗಿಯೇ ಉಳಿದ.